ಇಂಜೆಕ್ಷನ್ ನಿಲ್ಲಿಸಿದ್ಮೇಲೆ ಏನಾಗುತ್ತೆ ಅಂತ ಮೊದ್ಲೇ ಹೇಳಿ

ಮಾನ್ಯ ಸಂಪಾದಕರೇ,

ತುಮಕೂರಲ್ಲಿ ಇಪ್ಪತ್ತೆರಡು ವರ್ಷದಿಂದ ಬ್ಲೌಸು, ಚೂಡಿದಾರ ಹೊಲೀತಾ ಇದ್ದೀನಿ. ತೂಕ ಇಳಿಸೋ ಇಂಜೆಕ್ಷನ್ ಬಗ್ಗೆ ಈಗ ಅಂಗಡಿಗೆ ಬರೋರೆಲ್ಲ ಮಾತಾಡ್ತಾರೆ, ಕೆಲವ್ರು ಸಂಜೀವಿನಿ ಅಂತಾರೆ, ಕೆಲವ್ರು ಬಾಯಿ ಕಟ್ಟೋಕಾಗದ ಸೋಮಾರಿಗಳ ಕೆಲ್ಸ ಅಂತಾರೆ, ಎರಡೂ ಕೇಳಿ ಕೇಳಿ ಮನಸ್ಸು ತಡೀಲಿಲ್ಲ.

ನನ್ನ ಅಳತೆ ಪುಸ್ತಕದಲ್ಲಿ ನಮ್ಮ ನಾದಿನಿದೊಂದು ಪುಟ ಇದೆ. ಎದೆ ಸುತ್ತಳತೆ 44 ಇದ್ದಿದ್ದು ಹೊಡೆದು ಹಾಕಿ 39, ಅದನ್ನೂ ಹೊಡೆದು ಹಾಕಿ ಈಗ 42. ಅವಳು 98 ಕೆಜಿ ಇದ್ಲು, ಜೊತೆಗೆ ಶುಗರ್ರು, ಮಂಡಿ ನೋವು. ಡಯಟ್ ಮಾಡ್ಲಿಲ್ಲ ಅಂತ ಯಾರೂ ಹೇಳೋ ಹಾಗಿಲ್ಲ, ರಾತ್ರಿ ಊಟ ಬಿಟ್ಟು, ಅನ್ನ ಬಿಟ್ಟು ಐದಾರು ಕೆಜಿ ಇಳಿಸೋಳು, ಹಬ್ಬ ಮದುವೆ ಕಳೆಯೋ ಹೊತ್ತಿಗೆ ವಾಪಸ್. 2025ರಲ್ಲಿ ಮೌಂಜಾರೊ ಅನ್ನೋ ಇಂಜೆಕ್ಷನ್ ಬಂತಲ್ಲ, ಒಂದು ಕ್ಲಿನಿಕ್‌ನಲ್ಲಿ ಶುರು ಮಾಡಿದ್ರು. ಮೊದಮೊದಲು ವಾಕರಿಕೆ, ಮಲಬದ್ಧತೆ. ಆಮೇಲೆ ನಮ್ಮನೇಲಿ ಊಟಕ್ಕೆ ಕೂತಾಗ ನೋಡ್ದೆ, ನೆಲ್ಲಿಕಾಯಿ ಗಾತ್ರದ ಮುದ್ದೆ ನುಂಗಿ ಸಾಕು ಅತ್ತಿಗೆ ಅಂದ್ಲು. ಹಸಿವೇ ಇಲ್ಲ ಅಂತೆ. ಎಂಟು ತಿಂಗಳಿಗೆ 16 ಕೆಜಿ ಇಳಿದ್ಲು, ಶುಗರ್ ಹತೋಟಿಗೆ ಬಂತು, ಮೆಟ್ಲು ಹತ್ತೋಕೆ ಶುರು ಮಾಡಿದ್ಲು. ಅದು ಸುಳ್ಳು ಅಂತ ನಾನು ಹೇಳಲ್ಲ.

ಆದ್ರೆ ಬಂದ ಹೊಸದರಲ್ಲಿ 2.5 ಮಿಗ್ರಾಂ ವಯಲ್‌ಗೆ 3500, 5 ಮಿಗ್ರಾಂಗೆ 4375 ರೂಪಾಯಿ, ವಾರಕ್ಕೊಂದು, ಅಂದ್ರೆ ತಿಂಗಳಿಗೆ ಹದಿನಾಲ್ಕರಿಂದ ಹದಿನೇಳೂವರೆ ಸಾವಿರ. ತೋಟದ ಬೋರು ಬತ್ತೋಯ್ತು, ಹೊಸದು ಕೊರೆಸ್ಬೇಕಾಯ್ತು, ಇಂಜೆಕ್ಷನ್ ನಿಂತೋಯ್ತು. ಐದು ತಿಂಗಳಿಗೆ 9 ಕೆಜಿ ವಾಪಸ್. ಹಸಿವು ಮೊದಲಿಗಿಂತ ಜಾಸ್ತಿ ಅಂತ ಅವಳು ಅಳ್ತಾ ಕೂತಿದ್ಲು, ತನ್ನದೇ ತಪ್ಪು ಅಂದ್ಕೊಂಡು.

ಅವಳ ತಪ್ಪಲ್ಲ ಅಂತ ಹೇಳಿದ್ದು ಬಿ.ಫಾರ್ಮ್ ಓದ್ತಿರೋ ನನ್ನ ಮಗಳು. ಇದೇ ಜಾತಿಯ ಸೆಮಾಗ್ಲುಟೈಡ್ ಮೇಲೆ 2021ರಲ್ಲಿ ಬಂದ ದೊಡ್ಡ ಸ್ಟಡಿಲಿ, 68 ವಾರ ತಗೊಂಡೋರು ಸರಾಸರಿ 15% ಹತ್ರ ತೂಕ ಇಳಿಸಿದ್ರಂತೆ, ಔಷಧಿ ಇಲ್ಲದ ಇಂಜೆಕ್ಷನ್ ತಗೊಂಡೋರು 2.4% ಅಷ್ಟೆ, ಊಟ ವ್ಯಾಯಾಮದ ಸಲಹೆ ಇಬ್ಬರಿಗೂ ಇತ್ತು. ನಿಲ್ಲಿಸಿ ಒಂದು ವರ್ಷಕ್ಕೆ ಇಳಿದಿದ್ರಲ್ಲಿ ಮೂರರಲ್ಲಿ ಎರಡು ಪಾಲು ವಾಪಸ್ ಬಂತು. ಕರುಳಲ್ಲಿ ಹುಟ್ಟೋ ಹಾರ್ಮೋನ್ ಥರ ಕೆಲ್ಸ ಮಾಡಿ ಹೊಟ್ಟೆ ತುಂಬಿದೆ ಅಂತ ಮೆದುಳಿಗೆ ಹೇಳೋ ಔಷಧಿ ಅದು, ಔಷಧಿ ನಿಂತ್ರೆ ಆ ಮಾತೂ ನಿಲ್ಲುತ್ತೆ. ಬಿಪಿ ಮಾತ್ರೆ ಥರ ಅಂತ ಮಗಳು ಅಂದ್ಲು. ಇದನ್ನ ಆ ಕ್ಲಿನಿಕ್‌ನಲ್ಲಿ ಮೊದಲ ದಿನವೇ ಹೇಳ್ಬೇಕಿತ್ತಲ್ವಾ? ಕೊಬ್ಬಿನ ಜೊತೆ ಮಾಂಸಖಂಡನೂ ಕರಗುತ್ತೆ, ಕಾಳು ಮೊಟ್ಟೆ ತಿನ್ನಿ, ಭಾರ ಎತ್ತೋ ವ್ಯಾಯಾಮ ಮಾಡಿ ಅಂತನೂ ಹೇಳ್ಲಿಲ್ಲ. ತೆಳ್ಳಗಾಗಿದ್ದಾಗ ತುಂಬಿದ ಬಿಂದಿಗೆ ಎತ್ತೋಕೆ ಅವಳ ಕೈ ನಡುಗ್ತಿತ್ತು.

ನಾನೂ ಇಳಿಸಿದ್ದೀನಿ, 81ರಿಂದ 72ಕ್ಕೆ, ಒಂದೂವರೆ ವರ್ಷ ಹಿಡೀತು. ಬೆಳಿಗ್ಗೆ ಅಮಾನಿಕೆರೆ ಹತ್ರ ನಡಿಗೆ, ಮುದ್ದೆ ಅರ್ಧ, ಕಾಳು ಸಾರು ಜಾಸ್ತಿ, ಟೀಗೆ ಸಕ್ಕರೆ ಬಂದ್. ಖರ್ಚಿಲ್ಲ, ಈಗ್ಲೂ ಮಾಡ್ತಿದ್ದೀನಿ. ಆದ್ರೆ ಇದನ್ನ ಹಿಡ್ಕೊಂಡು ನಾದಿನಿಗೆ ಬುದ್ಧಿ ಹೇಳೋಕೆ ನನಗೆ ಬಾಯಿ ಬರಲ್ಲ, ನನಗೆ ಬೇಕಿದ್ದಿದ್ದು ಒಂಬತ್ತು ಕೆಜಿ, ಅವಳಿಗೆ ಮೂವತ್ತು, ಅದೂ ಮಂಡಿ ನೋವಲ್ಲಿ.

ಸೆಮಾಗ್ಲುಟೈಡ್ ಪೇಟೆಂಟ್ ನಮ್ಮ ದೇಶದಲ್ಲಿ 2026ರ ಮಾರ್ಚ್‌ಗೆ ಮುಗಿದಿದೆ, ಅಂದ್ರೆ ಬೇರೆ ಕಂಪನಿಗಳೂ ಅದನ್ನ ಮಾಡಿ ಮಾರ್ಬಹುದು, ರೇಟ್ ಇಳಿದಷ್ಟೂ ತಗೊಳ್ಳೋರು ಜಾಸ್ತಿ ಆಗ್ತಾರೆ. ಮದುವೆಗೆ ಎರಡು ತಿಂಗಳಿದೆ, ಅಷ್ಟರಲ್ಲಿ ಇಂಜೆಕ್ಷನ್ ತಗೋತೀನಿ, ಬ್ಲೌಸ್ ಟೈಟಾಗೇ ಹೊಲೀರಿ ಅಂತ ಹೋದ ವಾರ ಒಂದು ಹುಡುಗಿ ಬಂದಿದ್ಲು, 64 ಕೆಜಿ ಹುಡುಗಿ. ಡಾಕ್ಟರ್ ಚೀಟಿ ಇಲ್ದೆ ಮೆಡಿಕಲ್ ಸ್ಟೋರ್‌ನೋರು ದಯವಿಟ್ಟು ಇದನ್ನ ಕೊಡ್ಬೇಡಿ. ಡಾಕ್ಟರ್‌ಗಳು ಎಷ್ಟು ವರ್ಷ ತಗೋಬೇಕಾಗಬಹುದು, ಒಟ್ಟು ಎಷ್ಟು ಖರ್ಚು, ನಿಲ್ಲಿಸೋದಾದ್ರೆ ಹೇಗೆ ಅಂತ ಮೊದಲ ಚೀಟೀಲೇ ಕನ್ನಡದಲ್ಲಿ ಬರ್ದು ಕೊಡಿ.

ನಾದಿನಿ ಮತ್ತೆ ಶುರು ಮಾಡ್ಲಾ ಅತ್ತಿಗೆ ಅಂತ ಕೇಳ್ತಿದ್ದಾಳೆ. ಈ ಸಲ ಬೇರೆ ಡಾಕ್ಟರ್ ಹತ್ರ, ನಾನೂ ಜೊತೇಲಿ ಹೋಗ್ತೀನಿ. ಬ್ಲೌಸ್‌ಗಳಿಗೆ ಒಳಗಡೆ ಎರಡಿಂಚು ಬಟ್ಟೆ ಬಿಟ್ಟೇ ಹೊಲ್ದಿದ್ದೀನಿ.

– ಒಬ್ಬ ಟೈಲರ್, ತುಮಕೂರು