ಅಪ್ಪನ ಹಳೇ ಗ್ಲೋವ್ಸ್ ಗೋಡೆಯ ಮೇಲೇ ಇರಲಿ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಶುರುವಾಯಿತೆಂದರೆ ಬಾಕ್ಸಿಂಗ್ ಶಿಬಿರಗಳ ಬಾಗಿಲಲ್ಲಿ ಅಪ್ಪ–ಮಕ್ಕಳ ಜೋಡಿಗಳು ಕಾಣಿಸಿಕೊಳ್ಳುತ್ತವೆ. ಸೈನ್ಯದಲ್ಲೋ ಕಾಲೇಜಿನಲ್ಲೋ ನಾಲ್ಕಾರು ವರ್ಷ ಆಡಿದ ಅಪ್ಪ, ಕೈಯಲ್ಲೊಂದು ಜೋಡಿ ಹಳೇ ಗ್ಲೋವ್ಸ್, ಪಕ್ಕದಲ್ಲಿ ಹತ್ತು ವರ್ಷದ ಮಗನೋ ಮಗಳೋ. ಈ ಆಟದ ಹುಚ್ಚು ಮನೆತನದಲ್ಲಿ ಇಳಿದು ಬರುವುದು ಹೀಗೇ. ಭಿವಾನಿಯ ಹವಾ ಸಿಂಗ್ 1966 ಮತ್ತು 1970ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಹೆವಿವೇಟ್ ಚಿನ್ನ ಗೆದ್ದರು, ಮಗ ತರಬೇತುದಾರರಾದರು, ಮೊಮ್ಮಗಳು ನೂಪುರ್ 2025ರಲ್ಲಿ ಲಿವರ್‌ಪೂಲ್‌ನ ವಿಶ್ವ ಚಾಂಪಿಯನ್‌ಷಿಪ್‌ನಿಂದ ಬೆಳ್ಳಿ ತಂದರು. ಆ ಪ್ರೀತಿಯ ಬಗ್ಗೆ ನಮ್ಮ ತಕರಾರಿಲ್ಲ. ತಕರಾರಿರುವುದು ಆ ಹಳೇ ಗ್ಲೋವ್ಸ್ ಬಗ್ಗೆ, ಅದರ ಹಿಂದೆಯೇ ಬರುವ ಇನ್ನಷ್ಟು ಹಳೇ ರೂಢಿಗಳ ಬಗ್ಗೆ.

ಗ್ಲೋವ್ಸ್ ಒಳಗಿನ ಫೋಮ್‌ಗೆ ಆಯುಸ್ಸು ಇದೆ. ಮೇಲಿನ ಚರ್ಮ ಚೆನ್ನಾಗಿಯೇ ಕಂಡರೂ, ಬೆವರು ಕುಡಿದು ಏಟು ತಿಂದ ಫೋಮ್ ಗೆಣ್ಣಿನ ಜಾಗ ಬಿಟ್ಟು ಅಂಚಿಗೆ ಸರಿದಿರುತ್ತದೆ. ಪರೀಕ್ಷಿಸುವುದು ಸುಲಭ. ಮಗುವಿಗೆ ತೊಡಿಸಿ, ಗೆಣ್ಣುಗಳ ಮೇಲೆ ಹೆಬ್ಬೆರಳಿನಿಂದ ಒತ್ತಿ. ಒಳಗಿನ ಮೂಳೆ ನಿಮ್ಮ ಬೆರಳಿಗೆ ಸಿಕ್ಕರೆ, ಅಥವಾ ಒತ್ತಿದ ಗುಳಿ ಕೂಡಲೇ ಮೇಲೇಳದಿದ್ದರೆ, ಅದನ್ನು ಮೊಳೆಗೆ ನೇತುಹಾಕಿ. ಅಳತೆಯ ಸಮಸ್ಯೆಯೂ ಇದೆ. ದೊಡ್ಡವರ 16 ಔನ್ಸ್ ಗ್ಲೋವ್ಸ್ ಒಂದೊಂದೂ ಸುಮಾರು 450 ಗ್ರಾಂ ತೂಗುತ್ತದೆ. ಎರಡೇ ನಿಮಿಷಕ್ಕೆ ಮಗುವಿನ ಭುಜ ಸೋತು, ಮೊಣಕೈ ಹೊರಕ್ಕೆ ಹಾರಿ, ಮಣಿಕಟ್ಟು ಮಡಚಿಕೊಳ್ಳುತ್ತದೆ. ಬ್ಯಾಗಿಗೆ ಹೊಡೆಯಲು ಕೈಗೆ ಸರಿಹೊಂದುವ 6 ಅಥವಾ 8 ಔನ್ಸಿನದು ಸಾಕು. ಅಭ್ಯಾಸ ಮುಗಿದ ಮೇಲೆ ಚೀಲದೊಳಗೆ ಮುಚ್ಚಿಡದೆ, ಹಳೇ ದಿನಪತ್ರಿಕೆ ಉಂಡೆ ಮಾಡಿ ತುರುಕಿ ಫ್ಯಾನಿನಡಿ ಇಡಿ. (ನಿಮ್ಮ ಪತ್ರಿಕೆಗೆ ಹೀಗೂ ಒಂದು ಉಪಯೋಗವಿದೆ, ಸಂಪಾದಕರು ಕ್ಷಮಿಸಬೇಕು.)

ಗ್ಲೋವ್ಸ್‌ಗಿಂತ ಮುಖ್ಯವಾದದ್ದು ಕೈಗೆ ಸುತ್ತುವ ಬ್ಯಾಂಡೇಜ್. ಅಪ್ಪಂದಿರು ಇದನ್ನು ಅವಸರದಲ್ಲಿ ಮುಗಿಸಿಬಿಡುತ್ತಾರೆ. ಮಕ್ಕಳ ಕೈಗೆ ಎರಡೂವರೆಯಿಂದ ಮೂರು ಮೀಟರ್ ಪಟ್ಟಿ ಸಾಕು. ದೊಡ್ಡವರ ನಾಲ್ಕೂವರೆ ಮೀಟರಿನದನ್ನು ಸುತ್ತಿದರೆ ಮುಷ್ಟಿಯೇ ಮುಚ್ಚುವುದಿಲ್ಲ. ಪಟ್ಟಿಯ ತುದಿಯ ಕುಣಿಕೆಯನ್ನು ಹೆಬ್ಬೆರಳಿಗೆ ಸಿಕ್ಕಿಸಿ, ಬೆರಳುಗಳನ್ನು ಪೂರ್ತಿ ಅಗಲಿಸಲು ಹೇಳಿ. ಪಟ್ಟಿಯನ್ನು ಕೈಯ ಹಿಂಬದಿಯಿಂದ ತಂದು ಮಣಿಕಟ್ಟಿಗೆ ಮೂರು ಸುತ್ತು, ಅಲ್ಲಿಂದ ಗೆಣ್ಣುಗಳಿಗೆ ಮೂರು ಸುತ್ತು. ಆಮೇಲೆ ಕಿರುಬೆರಳಿನ ಕಡೆಯಿಂದ ಶುರುಮಾಡಿ ಬೆರಳುಗಳ ಮೂರು ಸಂದಿಗಳಲ್ಲಿ ಒಂದೊಂದು ಎಳೆ, ಪ್ರತಿ ಸಲವೂ ಹೆಬ್ಬೆರಳಿನ ಬುಡಕ್ಕೆ ವಾಪಸು. ಹೆಬ್ಬೆರಳಿಗೊಂದು ಸುತ್ತು ಹಾಕಿ, ಉಳಿದದ್ದನ್ನು ಮಣಿಕಟ್ಟಿಗೆ ಮುಗಿಸಿ. ಬೆರಳು ಕೂಡಿಸಿಕೊಂಡು ಸುತ್ತಿಸಿಕೊಂಡರೆ ಮೊದಲಿಗೆ ಹಿತವಾಗಿಯೇ ಇರುತ್ತದೆ. ಮುಷ್ಟಿ ಕಟ್ಟಿದೊಡನೆ ಗೆಣ್ಣುಗಳು ಅಗಲಿ ಪಟ್ಟಿ ಬಿಗಿಯುತ್ತದೆ. ಬೆರಳ ತುದಿ ಜುಮುಗುಟ್ಟಿದರೆ, ಉಗುರು ಬಿಳಿಚಿದರೆ ಬಿಚ್ಚಿ ಮತ್ತೆ ಸುತ್ತಬೇಕು. ಎಷ್ಟೇ ಚೆನ್ನಾಗಿ ಸುತ್ತಿದರೂ ತಪ್ಪು ಹೊಡೆತವನ್ನು ಬ್ಯಾಂಡೇಜ್ ಕಾಯುವುದಿಲ್ಲ. ತೋರುಬೆರಳು, ಮಧ್ಯದ ಬೆರಳುಗಳ ಗೆಣ್ಣು ತಾಗಬೇಕಾದಲ್ಲಿ, ಬೀಸಿ ಹೊಡೆಯುವ ಮಗುವಿಗೆ ಕಿರುಬೆರಳಿನ ಗೆಣ್ಣು ತಾಗುತ್ತದೆ. ಅದರ ಹಿಂದಿನ ಅಂಗೈ ಮೂಳೆ ಮುರಿಯುವುದು ಹಾಗೆ.

ಇನ್ನು ಮರಳು ಮೂಟೆ. ‘ನಮ್ಮ ಕಾಲದಲ್ಲಿ ಗೋಣಿಚೀಲಕ್ಕೆ ಮರಳು ತುಂಬಿಯೇ ಕಲಿತದ್ದು’ ಎನ್ನುವವರು ಆ ಚೀಲದ ತಳ ಮುಟ್ಟಿ ನೋಡಲಿ. ಮರಳು ಕೆಳಗಿಳಿದು ಕಲ್ಲಿನಂತೆ ಕೂತಿರುತ್ತದೆ. ಟೈಲರ್ ಅಂಗಡಿಯ ಬಟ್ಟೆ ಚೂರು ತಂದು, ಗುಂಡಿ–ಜಿಪ್ ತೆಗೆದು, ಸ್ವಲ್ಪ ಸ್ವಲ್ಪವಾಗಿ ದಮ್ಮಸ್ಸು ಮಾಡುತ್ತ ತುಂಬಿ. ಮಗುವಿನ ತೂಕದ ಅರ್ಧದಷ್ಟು ಭಾರವಿದ್ದರೆ ಸಾಕು, 30 ಕಿಲೋ ಮಗುವಿಗೆ 15 ಕಿಲೋ. ಫ್ಯಾನಿನ ಕೊಕ್ಕೆಗೆ ಮಾತ್ರ ಕಟ್ಟಬೇಡಿ. ಅದು ಇರುವುದು ಫ್ಯಾನಿನ ಭಾರ ಹೊರಲು, ಜಗ್ಗಾಟ ತಾಳಲು ಅಲ್ಲ.

ನಿಲುವಿನ ವಿಷಯದಲ್ಲಿ ಅಪ್ಪಂದಿರ ಹಟ ಇನ್ನೂ ಗಟ್ಟಿ. ತಾವು ಎಡಗಾಲು ಮುಂದಿಟ್ಟು ಆಡಿದವರು ಎಡಚ ಮಗುವನ್ನೂ ಹಾಗೇ ನಿಲ್ಲಿಸುತ್ತಾರೆ. ಮಗುವಿಗೆ ತಿಳಿಸದೆ ಬೆನ್ನಿಗೆ ಮೆಲ್ಲಗೆ ತಳ್ಳಿ, ಯಾವ ಕಾಲು ಮುಂದೆ ಬರುತ್ತದೆ ನೋಡಿ. ಚೆಂಡು ಎಸೆಯಲು ಕೊಟ್ಟು, ಯಾವ ಕೈ ಎಂದೂ ಗಮನಿಸಿ. ಬಲವಾದ ಕೈ ಹಿಂದಿರಲಿ. ಪಾದಗಳು ಭುಜದಗಲ, ಹಿಂಗಾಲಿನ ಹಿಮ್ಮಡಿ ನೆಲಕ್ಕೆ ತಾಗದಂತೆ, ಗದ್ದ ಒಳಗೆ. ಮೊದಲ ಮೂರು ತಿಂಗಳು ಇದೇ ನಿಲುವಿನಲ್ಲಿ ಹಿಂದೆ ಮುಂದೆ ನಡೆಸಿ, ಹಗ್ಗ ಜಿಗಿಸಿ. ಹಗ್ಗದ ನಡುವೆ ನಿಂತರೆ ಹಿಡಿಕೆಗಳು ಕಂಕುಳಿಗೆ ಬರಬೇಕು. 2022 ಮತ್ತು 2023ರ ವಿಶ್ವ ಚಾಂಪಿಯನ್ ನಿಖತ್ ಜರೀನ್ ಅವರನ್ನು ನಿಜಾಮಾಬಾದಿನಲ್ಲಿ ಅಪ್ಪ ಮೊದಲು ಇಳಿಸಿದ್ದು ಓಟದ ಅಂಕಣಕ್ಕೆ. ಉಕ್ರೇನಿನ ಅನತೋಲಿ ಲೊಮಚೆಂಕೊ ಮಗ ವಾಸಿಲಿಗೆ ಬಾಕ್ಸಿಂಗ್ ಬಿಡಿಸಿ ಜಾನಪದ ನೃತ್ಯ ಕಲಿಸಿದರು. ಆ ಹುಡುಗ 2008 ಮತ್ತು 2012ರ ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದ. ನಮ್ಮಲ್ಲೂ ಭರತನಾಟ್ಯ ಕಲಿತ ಹುಡುಗಿಯರಿಗೆ ‘ಮಂಡಿ ಬಗ್ಗಿಸು’ ಎಂದು ಕೂಗಬೇಕಾಗುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ಸ್ಪಾರಿಂಗ್‌ಗೆ, ಅಂದರೆ ಎದುರಾಳಿಯ ಜೊತೆಗಿನ ಅಭ್ಯಾಸದ ಕಾದಾಟಕ್ಕೆ, ಆತುರ ಬೇಡ. ಮೊದಲ ವರ್ಷ ತಲೆಗೆ ಹೊಡೆತವೇ ಇಲ್ಲದ ಅಭ್ಯಾಸ ಸಾಕು: ಪ್ಯಾಡ್, ಬ್ಯಾಗ್, ಭುಜ ಮುಟ್ಟುವ ಆಟ. ಹೆಡ್‌ಗಾರ್ಡ್ ಹಾಕಿದ್ದೇವಲ್ಲ ಎಂಬ ಧೈರ್ಯವೂ ಬೇಡ. ಅದು ಹುಬ್ಬು ಒಡೆಯುವುದನ್ನು ಕಡಿಮೆ ಮಾಡುತ್ತದೆ, ಬುರುಡೆಯೊಳಗೆ ಮಿದುಳು ಅಲುಗುವುದನ್ನು ತಡೆಯುವುದಿಲ್ಲ. ಅಮೆರಿಕ ಮತ್ತು ಕೆನಡಾದ ಮಕ್ಕಳ ವೈದ್ಯರ ಸಂಘಗಳು 2011ರಲ್ಲಿ ಒಟ್ಟಾಗಿ, ಮಕ್ಕಳಿಗೆ ಬಾಕ್ಸಿಂಗೇ ಬೇಡ ಎಂದಿವೆ. ನಾವು ಅಷ್ಟು ದೂರ ಹೋಗುವುದಿಲ್ಲ, ಹೋದರೆ ಈ ಕಸುಬು ಬಿಡಬೇಕಾದೀತು. ಆದರೆ ಆ ಎಚ್ಚರಿಕೆ ಸುಳ್ಳೆಂದು ವಾದಿಸುವವರಿಗೆ ಮಕ್ಕಳನ್ನು ಒಪ್ಪಿಸಬೇಡಿ. ತೂಕ ಇಳಿಸಲು ಮಗುವಿಗೆ ಪ್ಲಾಸ್ಟಿಕ್ ಜಾಕೆಟ್ ತೊಡಿಸಿ ಓಡಿಸುವ, ನೀರು ನಿಲ್ಲಿಸುವ ಅಪ್ಪಂದಿರಿಗೂ ಇದೇ ಮಾತು. ತೂಕ ಹೆಚ್ಚಿದ್ದರೆ ಮೇಲಿನ ವಿಭಾಗದಲ್ಲಿ ಆಡಿಸಿ, ಅಷ್ಟೇ.

ಅಪ್ಪ ದಾಟಿಸಬೇಕಾದ್ದು ಏನು ಎಂಬುದಕ್ಕೆ ಇಂಗ್ಲೆಂಡಿನದೊಂದು ಸಂಗತಿ ಇದೆ. 1991ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ವೈಟ್ ಹಾರ್ಟ್ ಲೇನ್‌ನಲ್ಲಿ ಕ್ರಿಸ್ ಯೂಬ್ಯಾಂಕ್ ಎದುರು ಆಡಿದ ಮೈಕೆಲ್ ವಾಟ್ಸನ್ ಕುಸಿದು 40 ದಿನ ಕೋಮಾದಲ್ಲಿದ್ದರು. 2016ರ ಮಾರ್ಚ್‌ನಲ್ಲಿ ವೆಂಬ್ಲಿಯಲ್ಲಿ ಯೂಬ್ಯಾಂಕ್ ಮಗ ನಿಕ್ ಬ್ಲ್ಯಾಕ್‌ವೆಲ್‌ಗೆ ಒಂದೇ ಸಮನೆ ಬಾರಿಸುತ್ತಿದ್ದಾಗ, ವಿರಾಮದಲ್ಲಿ ಮೂಲೆಗೆ ಬಂದ ಮಗನಿಗೆ ಅಪ್ಪ ಹೇಳಿದ್ದು, ರೆಫರಿ ಪಂದ್ಯ ನಿಲ್ಲಿಸದಿದ್ದರೆ ತಲೆ ಬಿಟ್ಟು ಮೈಗೆ ಹೊಡೆ ಎಂದು. ಪಂದ್ಯ 10ನೇ ಸುತ್ತಿನಲ್ಲಿ ನಿಂತಿತು. ಬ್ಲ್ಯಾಕ್‌ವೆಲ್‌ಗೆ ಮಿದುಳಿನಲ್ಲಿ ರಕ್ತಸ್ರಾವವಾಗಿತ್ತು. ಎದುರಾಳಿಯ ಸ್ಥಿತಿ ಆ ಅಪ್ಪನಿಗೆ ಕಂಡದ್ದು 25 ವರ್ಷ ಹಿಂದೆ ಪಟ್ಟ ಪಾಡಿನಿಂದ. ಶಿಬಿರಗಳಲ್ಲಿ ಹಗ್ಗದಾಚೆ ನಿಂತು ‘ಬಿಡಬೇಡ, ತಲೆಗೆ ಹಾಕು’ ಎಂದು ಕೂಗುವ ಅಪ್ಪಂದಿರನ್ನು ಸಂಘಟಕರು ಹೊರಗೆ ಕಳಿಸಬೇಕು.

ಅಪ್ಪಂದಿರು ಮನೆಯಲ್ಲಿ ಗಮನಿಸಬೇಕಾದ್ದು ಬೇರೆ. ಅಭ್ಯಾಸದಿಂದ ಬಂದ ಮಗು ತಲೆನೋವೆಂದರೆ, ವಾಂತಿ ಮಾಡಿದರೆ, ಕೇಳಿದ್ದನ್ನೇ ಕೇಳಿದರೆ, ಬೆಳಕು ಕಂಡರೆ ಕಿರಿಕಿರಿಪಟ್ಟರೆ ಅದೇ ದಿನ ವೈದ್ಯರಿಗೆ ತೋರಿಸಬೇಕು. ನಾಕೌಟ್ ಆದ ದೊಡ್ಡವರಿಗೇ ಕನಿಷ್ಠ 30 ದಿನ ರಿಂಗ್ ಹತ್ತುವಂತಿಲ್ಲ. ಮಗುವಿಗೆ ಅದಕ್ಕಿಂತ ಕಡಿಮೆ ಇರಬಾರದು. ಶಿಬಿರದ ಅರ್ಜಿಗಳಲ್ಲಿ ಅಪ್ಪನ ಫೋನ್ ನಂಬರು, ಟಿ-ಶರ್ಟ್ ಅಳತೆ ಎಲ್ಲ ಕೇಳುತ್ತಾರೆ. ‘ತಲೆಗೆ ಕೊನೆಯ ಸಲ ಪೆಟ್ಟು ಬಿದ್ದದ್ದು ಯಾವಾಗ?’ ಎಂಬ ಒಂದು ಸಾಲನ್ನೂ ಈ ಬೇಸಿಗೆಯಿಂದಲೇ ಸೇರಿಸಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ಕೋರುತ್ತೇವೆ.

— ಬಾಕ್ಸಿಂಗ್ ತರಬೇತುದಾರರು, ಬೆಂಗಳೂರು