ಅಕ್ಕೋರು ಚುನಾವಣೆಗೆ ನಿಂತರೆ

ಕಾರವಾರ

ಪ್ರಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ಇನ್ನೂ ತಲೆಯಲ್ಲಿ ಕೊರೆಯುತ್ತಿದೆ. ಊರವರು ಮನೆಗೆ ಬಂದು, ಅತ್ತಿಗೆಯನ್ನು ಪಂಚಾಯತಿಗೆ ನಿಲ್ಲಿಸಿ ಅಂದರಂತೆ. ನೀನು ನಕ್ಕುಬಿಟ್ಟೆಯಂತೆ. "ಅವಳು ಬರೀ ಶಾಲೆ ಅಕ್ಕೋರು, ಅವಳಿಗ್ಯಾಕೆ ರಾಜಕೀಯ?" ಅಂದೆಯಂತೆ. ಅದಕ್ಕೆ ಅತ್ತಿಗೆ ಏನಂದರು ಅಂತ ಕೇಳಿದೆ. "ಅವಳು ಒಳಗೆ ಚಾ ಮಾಡ್ತಾ ಇದ್ಲು" ಅಂದೆ. ಫೋನಿನಲ್ಲಿ ಜಗಳ ಬೇಡ ಅಂತ ಸುಮ್ಮನಾದೆ. ಅದಕ್ಕೇ ಈ ಕಾಗದ.

2025ರ ಡಿಸೆಂಬರ್ 28ಕ್ಕೆ ರಾಷ್ಟ್ರಪತಿ ದ್ರೌಪದಿ ಮುರ್ಮು ನಮ್ಮ ಕಾರವಾರದ ನೌಕಾನೆಲೆಗೆ ಬಂದಿದ್ದರಲ್ಲ, ವಾಗ್‌ಶೀರ್ ಅನ್ನೋ ಜಲಾಂತರ್ಗಾಮಿಯಲ್ಲಿ ಕೂತು ಕಡಲೊಳಗೆ ಇಳಿದರು. ಅವರಿಗಿಂತ ಮೊದಲು ಹೀಗೆ ಇಳಿದ ರಾಷ್ಟ್ರಪತಿ ಅಂದರೆ ಕಲಾಂ ಒಬ್ಬರೇ, 2006ರಲ್ಲಿ. ಮರುದಿನ ಮೀನು ಮಾರ್ಕೆಟ್ಟಿನಲ್ಲಿ ಇದೇ ಸುದ್ದಿ. ನನಗೆ ಯಾವಾಗಲೂ ಬಂಗಡೆ ಕೊಡೋ ಮೀನುಗಾರ್ತಿ, "ಅರವತ್ತೇಳು ವರ್ಷಕ್ಕೆ ನೀರಿನ ಅಡಿಗೆ ಹೋದ್ರಂತೆ, ಹೆದ್ರಿಕೆ ಆಗ್ಲಿಲ್ವಾ ಅವ್ರಿಗೆ?" ಅಂದಳು. ವಾಗ್‌ಶೀರ್ ಅಂದ್ರೆ ಒಂದು ಮೀನಿನ ಹೆಸರು ಮಾರಾಯ್ತಿ ಅಂದೆ. "ನನ್ನ ಬುಟ್ಟಿಗೆ ಯಾವತ್ತೂ ಬಂದಿಲ್ಲ ಅದು" ಅಂದು ಬಂಗಡೆ ಎಣಿಸಿ ಹಾಕಿದಳು.

ಆಮೇಲೆ ನಾನು ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ನನಗೆ ಹಿಡಿಸಿದ್ದು ದಿಲ್ಲಿಯ ಕಥೆ ಅಲ್ಲ, ರಾಯರಂಗಪುರದ್ದು.

ಒಡಿಶಾದ ಮಯೂರ್‌ಭಂಜ್ ಜಿಲ್ಲೆಯ ಉಪರಬೇಡ ಅವರ ಊರು. ಸಂತಾಲಿ ಮನೆತನ. ಮನೆಯಲ್ಲಿ ಇಟ್ಟ ಹೆಸರು ಪುಟಿ. ದ್ರೌಪದಿ ಅಂತ ಹೆಸರು ಬದಲಿಸಿದ್ದು ಶಾಲೆಯ ಮಾಸ್ತರರಂತೆ. (ನಿನ್ನ ಹುಟ್ಟಿದ ತಾರೀಖನ್ನು ಜೂನ್ 1 ಮಾಡಿದ್ದು ನಮ್ಮ ಮಾಸ್ತರರೇ ಅಲ್ವಾ?) ಅವರ ಊರಿಂದ ಕಾಲೇಜಿಗೆ ಹೋದ ಮೊದಲ ಹುಡುಗಿ ಅವರೇ. ಭುವನೇಶ್ವರದಲ್ಲಿ ಬಿ.ಎ. ಮುಗಿಸಿ, ನೀರಾವರಿ ಇಲಾಖೆಯಲ್ಲಿ ಕಿರಿಯ ಸಹಾಯಕಿಯಾಗಿ ನಾಲ್ಕು ವರ್ಷ ದುಡಿದರು. ಅದನ್ನು ಬಿಟ್ಟ ಮೇಲೆ, 1994ರಿಂದ ರಾಯರಂಗಪುರದ ಅರವಿಂದರ ಹೆಸರಿನ ಶಾಲೆಯಲ್ಲಿ ಗೌರವ ಶಿಕ್ಷಕಿ. 1997ರಲ್ಲಿ ಅದೇ ಊರಿನ ನಗರ ಪಂಚಾಯತಿಗೆ ನಿಂತು ಗೆದ್ದರು. ಬರೀ ಅಕ್ಕೋರು, ನೋಡು!

ಗೆದ್ದ ಮೇಲೆ ಮಾಡಿದ್ದೇನು? ಗಟಾರ ಸ್ವಚ್ಛ ಮಾಡಿಸುವಾಗ ಬಿಸಿಲಲ್ಲಿ ತಾವೇ ನಿಂತಿರುತ್ತಿದ್ದರಂತೆ. ಕಸ ಎತ್ತಿ ಮುಗಿಯೋವರೆಗೂ ಜಾಗ ಬಿಡುತ್ತಿರಲಿಲ್ಲವಂತೆ. ಕಾಪಿ ತಿದ್ದಿ ತಿದ್ದಿ ಬಂದ ಅಭ್ಯಾಸ ಇರಬೇಕು ಇದು. ಮುಗಿಸಿದ್ದೇನೆ ಅಂತ ಹುಡುಗ ಹೇಳಿದರೆ ಅಕ್ಕೋರು ನಂಬೋದಿಲ್ಲ, ಪಾಟಿ ತೋರಿಸು ಅಂತಾರೆ.

ಮುಂದಿನದು ನಿನಗೂ ಗೊತ್ತು. 2000ದಲ್ಲಿ ಶಾಸಕಿ, ಮಂತ್ರಿ. 2004ರಲ್ಲಿ ಮತ್ತೆ ಶಾಸಕಿ. ಸೋಲೂ ಇದೆ, 2009ರಲ್ಲಿ ಲೋಕಸಭೆಗೆ, 2014ರಲ್ಲಿ ವಿಧಾನಸಭೆಗೆ. ಆ ವರ್ಷಗಳಲ್ಲೇ ಇಬ್ಬರು ಗಂಡುಮಕ್ಕಳು ಹೋದರು, ಗಂಡನೂ ಹೋದರು. ಅದರ ಬಗ್ಗೆ ನಾನು ಏನು ಬರೆಯಲಿ? ಪಹಾಡಪುರದ ಗಂಡನ ಮನೆಯ ಜಾಗದಲ್ಲಿ ಈಗ ಮಕ್ಕಳ ವಸತಿ ಶಾಲೆ ಇದೆ.

ಜಾರ್ಖಂಡಿನಲ್ಲಿ ರಾಜ್ಯಪಾಲರಾಗಿದ್ದಾಗಿನ ಒಂದು ಸಂಗತಿ ಮಾತ್ರ ನಾನು ಮರೆಯೋದಿಲ್ಲ. ಆದಿವಾಸಿಗಳ ಜಮೀನು ಕಾಯೋ ಹಳೇ ಕಾಯ್ದೆಗಳು ಎರಡಿವೆ ಅಲ್ಲಿ, ಒಂದು 1908ರದ್ದು, ಇನ್ನೊಂದು 1949ರದ್ದು. ಆ ಜಮೀನನ್ನು ಬೇಸಾಯ ಬಿಟ್ಟು ಬೇರೆ ಕೆಲಸಕ್ಕೂ ಬಳಸಬಹುದು ಅಂತ ತಿದ್ದುಪಡಿ ಪಾಸಾಯಿತು. 2017ರಲ್ಲಿ ಅದು ಸಹಿಗೆ ಬಂದಾಗ ಇವರು ವಾಪಸ್ ಕಳಿಸಿದರು. ಸರ್ಕಾರ ಅವರ ಪಕ್ಷದ್ದೇ. ರಾಷ್ಟ್ರಪತಿ, ರಾಜ್ಯಪಾಲರ ಕೆಲಸ ಸಹಿ ಹಾಕೋದು ಅಷ್ಟೇ ಅಂತ ನಾವಿಬ್ಬರೂ ಎಷ್ಟು ಸಲ ನಗಾಡಿಲ್ಲ ಹೇಳು. ನನ್ನ ಅಮ್ಮನ ತವರುಮನೆ ಇದ್ದ ಜಾಗ ಈಗ ಅದೇ ನೌಕಾನೆಲೆಯ ಗೋಡೆಯೊಳಗಿದೆ. ಬಸ್ಸು ಅಲ್ಲಿ ಹಾದುಹೋಗುವಾಗ ಅಜ್ಜಿ ಕಿಟಕಿಯಿಂದ ಒಂದು ಮಾವಿನ ಮರ ತೋರಿಸಿ "ಅದು ನಮ್ದು" ಅನ್ನುತ್ತಿದ್ದಳು. ಹಾಗಾಗಿ ಜಮೀನಿನ ಕಾಗದ ಒಂದು ವಾಪಸ್ ಹೋಯಿತು ಅಂತ ಓದಿದರೆ ನನಗೆ ಅದು ಸಣ್ಣ ಸುದ್ದಿ ಅಲ್ಲ.

ಈಗ ಅತ್ತಿಗೆ ವಿಷಯ. ಹೋದ ಮಳೆಗಾಲದಲ್ಲಿ ನಿಮ್ಮಲ್ಲಿ ಉಳಿದಿದ್ದೆನಲ್ಲ, ಆಗ ಅವರ ಚೀಲದಲ್ಲಿ ಒಂದು ನೋಟ್‌ಬುಕ್ ನೋಡಿದೆ. ಯಾವ ಮಗು ಯಾವ ಕಾಲುಸಂಕ ದಾಟಿ ಬರುತ್ತದೆ, ಯಾರ ಮನೆಗೆ ಫೋನ್ ಹತ್ತುತ್ತದೆ, ಯಾವ ಸಂಕದ ಅಡಿಕೆ ಮರ ಕೊಳೆತಿದೆ, ಎಲ್ಲ ಬರೆದಿಟ್ಟಿದ್ದರು. ಹಳ್ಳ ತುಂಬಿದ ದಿನ ಮಧ್ಯಾಹ್ನವೇ ಫೋನ್ ಮಾಡಲು ಕೂತಿದ್ದರು. ನೀನು ಪಕ್ಕದಲ್ಲಿ ಕವಳ ಹಾಕುತ್ತಾ ಪೇಪರ್ ಓದುತ್ತಿದ್ದೆ. ಆ ವಾರ್ಡಿನ ಬಗ್ಗೆ ಅಷ್ಟು ಗೊತ್ತಿರೋ ಮೆಂಬರು ನಿಮ್ಮಲ್ಲಿ ಯಾರಿದ್ದಾರೆ? ಸರ್ಕಾರಿ ನೌಕರಿಯಾಗಿದ್ದರೆ ರಾಜೀನಾಮೆ ಕೊಡಬೇಕಿತ್ತು. ಅವರದ್ದು ಖಾಸಗಿ ಶಾಲೆ, ಆ ತಾಪತ್ರಯ ಇರಲಿಕ್ಕಿಲ್ಲ.

ನಿಲ್ಲಲೇಬೇಕು ಅಂತ ನಾನು ಹೇಳುತ್ತಿಲ್ಲ. ಬೇಡ ಅನ್ನಬಹುದು, ಅದು ಅವರ ಇಷ್ಟ. ಆದರೆ ಬೇಡ ಅಂದದ್ದು ನೀನು.

ಮುಂದಿನ ಭಾನುವಾರ ಘಟ್ಟ ಹತ್ತಿ ಬರುತ್ತೇನೆ. ಚಾ ನೀನು ಮಾಡು, ಅತ್ತಿಗೆ ಜಗಲಿಯಲ್ಲಿ ಕೂತಿರಲಿ. ಸಕ್ಕರೆ ನನಗೆ ಕಮ್ಮಿ. ತೊಡದೇವು ಇದ್ದರೆ ಎರಡು ಜಾಸ್ತಿ ತೆಗೆದಿಡು.

ನಿನ್ನ,
ಕಾರವಾರದ ಗೆಳೆಯ