23ನೇ ಪುಟ ನೋಡಿದೆಯಾ ಮಾರಾಯ?

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ನಿನ್ನ ಮಗಳ ಮೂರೂ ಉತ್ತರಪತ್ರಿಕೆಗಳ ಸ್ಕ್ಯಾನ್ ಪ್ರತಿಗಳನ್ನು ನಿನ್ನೆ ರಾತ್ರಿ ಕೂತು ನೋಡಿದೆ. ಫೋನಿನಲ್ಲಿ ಅಕ್ಷರ ಸರಿಯಾಗಿ ಕಾಣಲಿಲ್ಲ, ಅದಕ್ಕೆ ಪ್ರಿಂಟ್ ತೆಗೆಸಿಕೊಂಡು ಬಂದೆ. ಮಲಗುವಾಗ ಒಂದೂವರೆ ಆಗಿತ್ತು. ಬೇಕಂತಲೇ ನೀಲಿ ಪೆನ್ನು ಹಿಡಿದಿದ್ದೆ, ಕೆಂಪು ಪೆನ್ನು ಕೈಗೆ ಬಂದರೆ ನನ್ನೊಳಗಿನ ಮೇಷ್ಟ್ರು ಎದ್ದು ಕೂರುತ್ತಾನೆ.

ಮೊದಲು ನಿನ್ನ ಮೆಸೇಜಿನ ವಿಷಯ. "ಮೂರಕ್ಕೂ ರೀವ್ಯಾಲ್ಯುಯೇಷನ್ ಹಾಕ್ತೀನಿ, ಸುಮ್ನೆ ಬಿಡಲ್ಲ" ಅಂತ ಬರೆದಿದ್ದೀಯ. ಯಾರನ್ನು ಬಿಡಲ್ಲ? ಯಾವುದೋ ಮೌಲ್ಯಮಾಪನದ ಹಾಲ್‌ನಲ್ಲಿ ಬಂಡಲ್ ಬಿಚ್ಚಿಕೊಂಡು ಕೂತ ನನ್ನಂಥ ಮೇಷ್ಟ್ರನ್ನಾ? ನಿನ್ನ ಸಿಟ್ಟು ಅರ್ಥವಾಗುತ್ತದೆ, ಆದರೆ ಸಿಟ್ಟಿನಲ್ಲಿ ಹಾಕಿದ ಅರ್ಜಿಗೆ ಬೇರೆ ಕೌಂಟರ್ ಇರುವುದಿಲ್ಲ. ಮೂರು ಸಬ್ಜೆಕ್ಟಿನ ಕಥೆ ಮೂರು ಥರ ಇದೆ. ಒಂದೊಂದಾಗಿ ಹೇಳುತ್ತೇನೆ.

ನಾನು ಮಾಡಿದ್ದು ಇಷ್ಟು. ಮೌಲ್ಯಮಾಪಕರು ಕೊಟ್ಟ ಅಂಕಗಳ ಮೇಲೆ ಕಾಗದದ ಪಟ್ಟಿ ಇಟ್ಟು ಮುಚ್ಚಿದೆ. ಸ್ಕೀಮ್, ಅಂದರೆ ಉತ್ತರದ ಯಾವ ಹಂತಕ್ಕೆ ಎಷ್ಟು ಅಂಕ ಅನ್ನುವ ವಿವರ, ಪಕ್ಕದಲ್ಲಿಟ್ಟುಕೊಂಡು ನನ್ನ ಪಾಡಿಗೆ ನಾನು ಅಂಕ ಹಾಕಿದೆ. ಎಲ್ಲ ಮುಗಿದ ಮೇಲೆ ಪಟ್ಟಿ ತೆಗೆದು ಹೋಲಿಸಿದೆ. ಮುಚ್ಚದೆ ನೋಡಿದರೆ ಆಗುವುದೇ ಬೇರೆ. ಮೂರು ಕೊಟ್ಟಿರುವುದು ಕಣ್ಣಿಗೆ ಬಿದ್ದ ಕೂಡಲೇ, ನಮ್ಮ ಹುಡುಗಿ ಅಂದುಕೊಂಡು ನಾಲ್ಕಕ್ಕೆ ಕಾರಣ ಹುಡುಕತೊಡಗುತ್ತೇವೆ. ನೀನು ಮೊನ್ನೆ ಅದನ್ನೇ ಮಾಡಿರುತ್ತೀಯ, ಅಲ್ವಾ?

ಭೌತಶಾಸ್ತ್ರ. 80ಕ್ಕೆ 47 ಬಂದಿದೆ, ಅವಳು ಅಂದುಕೊಂಡಿದ್ದು 62. ಹದಿನೈದು ಅಂಕ ಎಲ್ಲಿ ಹೋಯಿತು ಅಂತ ಪುಟ ಪುಟ ಹುಡುಕಿದೆ. ಮೊದಲ ಪುಟದ ಚೌಕದಲ್ಲಿರುವ ಅಂಕಗಳನ್ನು ಎರಡು ಸಲ ಕೂಡಿದೆ, ಟೋಟಲ್ ಸರಿ ಇದೆ. ಒಳಗಿನ ಅಂಕಗಳೂ ಚೌಕಕ್ಕೆ ಸರಿಯಾಗಿ ಬಂದಿವೆ. ಅಂದರೆ ಕೂಡುವುದರಲ್ಲಿ ತಪ್ಪಾಗಿಲ್ಲ. ಆದರೆ 23ನೇ ಪುಟ ನೋಡಿದೆಯಾ ಮಾರಾಯ? ಅವಳು 28ನೇ ಪ್ರಶ್ನೆಯ ಎರಡನೇ ಭಾಗವನ್ನು ಅಲ್ಲೇ ಬಿಟ್ಟು ಮುಂದೆ ಹೋಗಿದ್ದಾಳೆ. ಎಲ್ಲ ಮುಗಿದ ಮೇಲೆ ನೆನಪಾಗಿ ಕೊನೆಯಲ್ಲಿ ಬರೆದಿದ್ದಾಳೆ. ಪ್ರಶ್ನೆಯ ಸಂಖ್ಯೆ ಮಾರ್ಜಿನ್ನಿನ ಮೂಲೆಯಲ್ಲಿ ಇರುವೆಯಷ್ಟು ಚಿಕ್ಕದಾಗಿದೆ. 22ನೇ ಪುಟದಲ್ಲಿ ರೈಟ್ ಮಾರ್ಕುಗಳಿವೆ. 23ರಲ್ಲಿ ಒಂದು ಗೀರೂ ಇಲ್ಲ. ರೈಟೂ ಇಲ್ಲ, ತಪ್ಪೂ ಇಲ್ಲ, ಸೊನ್ನೆಯೂ ಇಲ್ಲ. ನೋಡಿಯೇ ಇಲ್ಲ! ಉತ್ತರ ಪೂರ್ತಿ ಸರಿ ಇದೆ, ಮೂರಕ್ಕೆ ಮೂರು.

ಹೇಗೆ ತಪ್ಪಿತು ಅಂತ ಕೇಳಬೇಡ. ಊಟ ಆದ ಮೇಲಿನ ಬಂಡಲ್, ಇಪ್ಪತ್ತನೆಯದೋ ಇಪ್ಪತ್ತೊಂದನೆಯದೋ ಪತ್ರಿಕೆ, ಕೊನೆಯ ಉತ್ತರ ಮುಗಿಯಿತು ಅನಿಸಿದಾಗ ಕೈ ತಾನೇ ಮೊದಲ ಪುಟಕ್ಕೆ ಹೋಗುತ್ತದೆ. ನನಗೂ ಒಮ್ಮೆ ಆಗಿದೆ. ಟೋಟಲ್ ಚೆಕ್ ಮಾಡುವವರು ಹಿಡಿದುಕೊಟ್ಟರು, ಆ ದಿನ ಮುಖ ಎಲ್ಲಿಟ್ಟುಕೊಳ್ಳುವುದು ಅಂತ ಗೊತ್ತಾಗಲಿಲ್ಲ.

ಇನ್ನು ಉಳಿದ ಹನ್ನೆರಡು. ಎರಡು ಡೆರಿವೇಷನ್‌ಗಳಿಗೆ ಐದಕ್ಕೆ ಮೂರು ಕೊಟ್ಟಿದ್ದಾರೆ, ನಾನಾಗಿದ್ದರೆ ನಾಲ್ಕು ಕೊಡುತ್ತಿದ್ದೆ. ಆ ಎರಡು ಅಂಕ ಬಂದರೂ ಬರಬಹುದು, ಬರದೇನೂ ಇರಬಹುದು, ಅದನ್ನು ಲೆಕ್ಕಕ್ಕೆ ಹಿಡಿಯಬೇಡ. ಮಸೂರದ ಸಾಮರ್ಥ್ಯದ ಲೆಕ್ಕದಲ್ಲಿ ಸಂಗಮ ದೂರ 25 ಸೆಂಟಿಮೀಟರ್ ಕೊಟ್ಟಿದ್ದರು. ಅವಳು ಅದನ್ನು ಮೀಟರಿಗೆ ತಿರುಗಿಸದೆ ನೇರ 1/25 ಮಾಡಿ 0.04 ಅಂತ ಬರೆದಿದ್ದಾಳೆ. ಬರಬೇಕಿದ್ದದ್ದು 4 ಡಯಾಪ್ಟರ್. ಅಲ್ಲಿಂದ ಮುಂದಿನ ಎಲ್ಲ ಸಾಲೂ ತಪ್ಪು, ಸೂತ್ರಕ್ಕೆ ಅಂತ ಎರಡು ಕೊಟ್ಟು ಮೂರು ಕಳೆದಿದ್ದಾರೆ, ನ್ಯಾಯವೇ. ಕಿರಣದ ಚಿತ್ರಕ್ಕೆ ಬಾಣದ ಗುರುತಿಲ್ಲ, ಮೂರು ಕಡೆ ಯೂನಿಟ್ ಇಲ್ಲ, ಅರ್ಧ ಅರ್ಧ ಸೇರಿ ಎರಡು ಹೋಯಿತು. ಉಳಿದ ಐದು ಅಂಕದ ಪ್ರಶ್ನೆ ಒಂದನ್ನು ಅವಳು ಬರೆದೇ ಇಲ್ಲ.

ಹೌದು, "ಎಲ್ಲಾ ಬರೆದಿದ್ದೀನಿ ಅಪ್ಪಾ" ಅಂದಿದ್ದಳು ಅಂತ ನೀನು ಹೇಳಿದ್ದೆ. ದಯವಿಟ್ಟು ಅದನ್ನೇ ಹಿಡಿದುಕೊಂಡು ಜಗ್ಗಬೇಡ. ಪರೀಕ್ಷೆ ಮುಗಿಸಿ ಹೊರಗೆ ಬಂದ ಮಗುವಿಗೆ ತಾನು ಬರೆದದ್ದು ನೆನಪಿರುತ್ತದೆ, ಬಿಟ್ಟದ್ದು ನೆನಪಿರುವುದಿಲ್ಲ. ಸುಳ್ಳು ಹೇಳಿಲ್ಲ ಅವಳು.

ಈಗ ಲೆಕ್ಕ ಹಾಕು. ಖಂಡಿತ ಬರುವುದು ಮೂರು, 47 ಇದ್ದದ್ದು 50 ಆಗುತ್ತದೆ. ಅವಳು ಸೇರಬೇಕೆಂದಿರುವ ಕೋರ್ಸಿಗೆ ಭೌತಶಾಸ್ತ್ರ, ಗಣಿತ ಎರಡರಲ್ಲೂ 60 ಪರ್ಸೆಂಟ್ ಬೇಕು ಅಂದೆ. ಅಂದರೆ 80ಕ್ಕೆ 48. ಒಂದೇ ಒಂದು ಅಂಕಕ್ಕೆ ನಿಂತಿದ್ದಾಳೆ! ಭೌತಶಾಸ್ತ್ರಕ್ಕೆ ಅರ್ಜಿ ಹಾಕು, ಇವತ್ತೇ ಹಾಕು. ನೋಡದೆ ಬಿಟ್ಟ ಉತ್ತರವನ್ನು ಎಷ್ಟೋ ಬೋರ್ಡುಗಳಲ್ಲಿ ಮರುಎಣಿಕೆಯ ಹಂತದಲ್ಲೇ ಸರಿ ಮಾಡುತ್ತಾರೆ, ಕೆಲವು ಕಡೆ ಮರುಮೌಲ್ಯಮಾಪನವೇ ಬೇಕು. ನಿಮ್ಮ ಸುತ್ತೋಲೆಯಲ್ಲಿ ಆ ಸಾಲು ಹುಡುಕು. ಮರುಪರೀಕ್ಷೆ ಈ ಸಬ್ಜೆಕ್ಟಿಗೆ ಬೇಡ.

ಗಣಿತಕ್ಕೆ ಬರೋಣ. ಇಲ್ಲಿ ನಿನಗೆ ಬೇಜಾರಾಗುತ್ತದೆ. 41 ಬಂದಿದೆ, ಮುಚ್ಚಿಟ್ಟು ನೋಡಿ ನಾನು ಹಾಕಿದ್ದು 40. ನಂಬಿಕೆ ಬರದೆ ಇನ್ನೊಂದು ಸಲ ನೋಡಿದೆ, ಮತ್ತೆ 40 ಬಂತು. 14ನೇ ಪುಟದಲ್ಲಿ ಮೈನಸ್ ಚಿಹ್ನೆ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಬರುವಾಗ ಬಿದ್ದುಹೋಗಿ ಕೊನೆಯ ಉತ್ತರ ತಪ್ಪಾಗಿದೆ, ಆದರೂ ಆ ಪುಣ್ಯಾತ್ಮ ಸ್ಟೆಪ್ ಮಾರ್ಕ್ಸ್ ಅಂತ ಐದಕ್ಕೆ ನಾಲ್ಕು ಕೊಟ್ಟಿದ್ದಾನೆ. ನನಗೆ ಮೂರಕ್ಕಿಂತ ಜಾಸ್ತಿ ಕೊಡಲು ಮನಸ್ಸಾಗಲಿಲ್ಲ. ಅಂಥ ಪತ್ರಿಕೆಯನ್ನು ಇನ್ನೊಬ್ಬರ ಕೈಗೆ ಕೊಟ್ಟು "ಸರಿಯಾಗಿ ನೋಡಿ" ಅಂದರೆ ಅವರು ಸರಿಯಾಗಿಯೇ ನೋಡುತ್ತಾರೆ. ಅಂಕ ಇಳಿದರೆ ಇಳಿದದ್ದೇ ಕೊನೆ ಅನ್ನುವ ನಿಯಮ ಇರುವ ಕಡೆ ಇದು ದುಬಾರಿಯಾಗುತ್ತದೆ. ಇಂಗ್ಲೆಂಡಿನಲ್ಲಿ ಹಾಗೇ, ಮರುಪರಿಶೀಲನೆಯಲ್ಲಿ ಗ್ರೇಡ್ ಏರಬಹುದು, ಇಳಿಯಲೂಬಹುದು. ಅಲ್ಲಿ 2016ರಿಂದ ಇನ್ನೊಂದು ಮಾತೂ ಸೇರಿದೆ. ಮೊದಲು ಅಂಕ ಹಾಕಿದವರು ನಿಜಕ್ಕೂ ತಪ್ಪು ಮಾಡಿದ್ದರೆ ಮಾತ್ರ ತಿದ್ದುತ್ತಾರೆ, "ನಾನಾಗಿದ್ದರೆ ಒಂದು ಜಾಸ್ತಿ ಕೊಡ್ತಿದ್ದೆ" ಅನ್ನುವುದಕ್ಕೆ ತಿದ್ದುವುದಿಲ್ಲ.

ಇಲ್ಲೂ 48 ಆಗಲು ಇನ್ನೂ ಏಳು ಅಂಕ ಬೇಕು. ಆ ಪತ್ರಿಕೆಯೊಳಗೆ ಏಳು ಅಂಕ ಇಲ್ಲ. ಆದರೆ ಅವಳ ತಲೆಯೊಳಗೆ ಇದೆ, ಅದನ್ನು ಧೈರ್ಯವಾಗಿ ಹೇಳುತ್ತೇನೆ. ಅಕ್ಷರ ನೋಡು. ಮೊದಲ ಹತ್ತು ಪುಟ ಮುತ್ತು ಪೋಣಿಸಿದ ಹಾಗಿದೆ, ಹಾಸಿಗೆಯಷ್ಟು ಅಗಲದ ಮಾರ್ಜಿನ್, ಪ್ರತಿ ಉತ್ತರದ ಕೆಳಗೆ ಸ್ಕೇಲಿನಿಂದ ಎರಡೆರಡು ಗೆರೆ. 18ನೇ ಪುಟದಿಂದ ಅಕ್ಷರ ಓಡತೊಡಗುತ್ತದೆ. ಕೊನೆಯ ಎರಡು ದೊಡ್ಡ ಪ್ರಶ್ನೆಗಳಲ್ಲಿ ಸಮಾಕಲನ ಅರ್ಧಕ್ಕೆ ನಿಂತಿದೆ. ಹೊತ್ತು ಸಾಲಲಿಲ್ಲ, ಅಷ್ಟೆ. ಗಣಿತ ಬರದ ಹುಡುಗಿಯ ಪತ್ರಿಕೆ ಅಲ್ಲ ಇದು. ಮುಂದಿನ ಪರೀಕ್ಷೆಯೊಳಗೆ ಗಡಿಯಾರ ಎದುರಿಗಿಟ್ಟುಕೊಂಡು ಪೂರ್ತಿ ಮೂರು ಗಂಟೆಯ ಪತ್ರಿಕೆ ನಾಲ್ಕೈದು ಬರೆದರೆ, ಗೆರೆ ಎಳೆಯುವುದನ್ನು ಬಿಟ್ಟರೆ, ಆ ಏಳು ಅಂಕ ಬರುತ್ತದೆ. ಹೊಸದಾಗಿ ಟ್ಯೂಷನ್ನಿಗೆ ಕಳಿಸಬೇಡ. ಮತ್ತೆ ಮೊದಲ ಅಧ್ಯಾಯದಿಂದ ಶುರು ಮಾಡಿ ಅವಳ ತಲೆ ತಿನ್ನುತ್ತಾರೆ.

ಮರುಪರೀಕ್ಷೆ ಅಂದರೆ ಮಾನ ಹೋಯಿತು ಅನ್ನುವ ಕಾಲ ಹೋಗಿದೆ. ಕರ್ನಾಟಕದಲ್ಲೇ 2023–24ರಿಂದ ಎಸೆಸೆಲ್ಸಿಗೂ ದ್ವಿತೀಯ ಪಿಯುಸಿಗೂ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ, ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು, ಯಾವುದರಲ್ಲಿ ಜಾಸ್ತಿ ಬಂತೋ ಅದೇ ಉಳಿಯುತ್ತದೆ. ಸಪ್ಲಿಮೆಂಟರಿ ಅನ್ನುವ ಹೆಸರೇ ಹೋಯಿತು. ಎಲ್ಲ ಬೋರ್ಡಿನಲ್ಲೂ ಹೀಗೇ ಅಂತ ಹೇಳುತ್ತಿಲ್ಲ. ಹಳೆಯ ಅಂಕ ಉಳಿಯುತ್ತದೋ ಹೊಸದು ಅದನ್ನು ಅಳಿಸಿಹಾಕುತ್ತದೋ ಅನ್ನುವುದನ್ನು ಫಾರಂ ತುಂಬುವ ಮೊದಲು ಕಣ್ಣಾರೆ ಓದು, ಯಾರೋ ಹೇಳಿದರು ಅಂತ ನಂಬಬೇಡ.

ಮೂರನೆಯದು ಭಾಷೆ. 66 ಬಂದಿದೆ, 72 ಬರಬೇಕಿತ್ತು ಅಂತ ನಿನ್ನ ಜಗಳ. ಇದಕ್ಕೊಂದು ತಮಾಷೆ ಮಾಡಿದೆ. ನಾನು ಅಂಕ ಹಾಕಿ 69 ಬಂತು. ಆಮೇಲೆ ಅದೇ ಪ್ರಿಂಟನ್ನು ನಮ್ಮ ಮನೆಯವಳ ಮುಂದಿಟ್ಟೆ, ಅವಳು ಭಾಷೆ ಪಾಠ ಮಾಡುವವಳು, ನಿನಗೇ ಗೊತ್ತಲ್ಲ. ಅವಳು ಕೊಟ್ಟಿದ್ದು 64. ಪ್ರಬಂಧಕ್ಕೆ ನಾನು ಎಂಟು ಕೊಟ್ಟಿದ್ದೆ, ಅವಳು ಆರೂವರೆ. "ಪೀಠಿಕೆಯೇ ಒಂದು ಪುಟ, ವಿಷಯ ಎಲ್ಲಿದೆ ಇದರಲ್ಲಿ?" ಅಂದಳು. ಬೆಳಗ್ಗೆ ಕಾಫಿ ಹೊತ್ತಿನಲ್ಲಿ ಈ ಜಗಳ ಇನ್ನೂ ನಡೆಯುತ್ತಿತ್ತು.

ಇದು ನಮ್ಮ ಮನೆಯ ಕಥೆ ಮಾತ್ರ ಅಲ್ಲ. ಇಂಗ್ಲೆಂಡಿನ ಪರೀಕ್ಷೆಗಳ ಮೇಲ್ವಿಚಾರಣೆ ಮಾಡುವ ಆಫ್‌ಕ್ವಾಲ್ 2018ರಲ್ಲಿ ಇದನ್ನೇ ಅಳೆದು ನೋಡಿತ್ತು. ಹಿರಿಯ ಮೌಲ್ಯಮಾಪಕರು ಕೊಡುವ ಗ್ರೇಡೇ ಅಭ್ಯರ್ಥಿಗೂ ಸಿಗುವ ಸಾಧ್ಯತೆ ಗಣಿತದಲ್ಲಿ ನೂರಕ್ಕೆ 96ರಷ್ಟು, ಇಂಗ್ಲಿಷ್ ಭಾಷೆ ಮತ್ತು ಸಾಹಿತ್ಯ ಸೇರಿದ ಪತ್ರಿಕೆಯಲ್ಲಿ 52ರ ಆಸುಪಾಸು. ನಾಣ್ಯ ಚಿಮ್ಮಿದ ಹಾಗೆ! ಹಾಗಂತ ಗಣಿತ ಯಾವತ್ತೂ ಕಲ್ಲಿನ ಮೇಲೆ ಬರೆದ ಹಾಗಿತ್ತು ಅಂದುಕೊಳ್ಳಬೇಡ. ಅಮೆರಿಕದಲ್ಲಿ 1913ರಲ್ಲಿ ಸ್ಟಾರ್ಚ್ ಮತ್ತು ಎಲಿಯಟ್ ಅನ್ನುವ ಇಬ್ಬರು ರೇಖಾಗಣಿತದ ಒಂದೇ ಉತ್ತರಪತ್ರಿಕೆಯನ್ನು ನೂರಕ್ಕೂ ಹೆಚ್ಚು ಶಾಲೆಗಳ ಮೇಷ್ಟ್ರುಗಳಿಗೆ ಕಳಿಸಿದ್ದರು, ಬಂದ ಅಂಕ 28ರಿಂದ ಹಿಡಿದು 90ರ ಮೇಲಿನವರೆಗೆ ಇತ್ತು. ಸ್ಕೀಮ್ ಅನ್ನುವ ಹಗ್ಗ ಕಟ್ಟಿದ್ದಕ್ಕೆ ನಾವೆಲ್ಲ ಸ್ವಲ್ಪ ಸರಿಯಾಗಿದ್ದೇವೆ. ಪ್ರಬಂಧಕ್ಕೆ ಆ ಹಗ್ಗ ಅಷ್ಟು ಬಿಗಿಯಲ್ಲ.

ಅದಕ್ಕೇ ಭಾಷೆಯದನ್ನು ಮುಟ್ಟಬೇಡ. 66 ಇರುವುದು 69 ಆದರೆ ಅವಳಿಗೆ ಏನೂ ಸಿಗುವುದಿಲ್ಲ, 63 ಆದರೆ ಒಂದು ವಾರ ಅಳುತ್ತಾಳೆ. ಕೋರ್ಸಿಗೆ ಅದು ಲೆಕ್ಕಕ್ಕೂ ಇಲ್ಲ.

ನನ್ನ ಕಥೆ ನಿನಗೆ ಪೂರ್ತಿ ಹೇಳಿಲ್ಲ. ನನಗೂ ಹೀಗೇ ಆಗಿತ್ತು, ರಸಾಯನಶಾಸ್ತ್ರದಲ್ಲಿ. ಆಗ ಉತ್ತರಪತ್ರಿಕೆ ನಮಗೆ ತೋರಿಸುತ್ತಿರಲಿಲ್ಲ. ಪರೀಕ್ಷೆ ಬರೆದವರಿಗೆ ತಮ್ಮ ಪತ್ರಿಕೆ ನೋಡುವ ಹಕ್ಕಿದೆ, ಅದು ಮಾಹಿತಿ ಹಕ್ಕಿನೊಳಗೆ ಬರುತ್ತದೆ ಅಂತ ಸುಪ್ರೀಂ ಕೋರ್ಟ್ ಹೇಳಿದ್ದೇ 2011ರಲ್ಲಿ. ನಾನು ಕುರುಡಾಗಿ ಅರ್ಜಿ ಹಾಕಿ ಕಾದೆ. ಎರಡು ತಿಂಗಳು ಕಾದೆ. ಆ ಎರಡು ತಿಂಗಳಲ್ಲಿ ಪುಸ್ತಕ ಮುಟ್ಟಲಿಲ್ಲ, ಮುಟ್ಟಿದರೆ ನನ್ನದೇ ತಪ್ಪು ಅಂತ ನಾನೇ ಒಪ್ಪಿಕೊಂಡ ಹಾಗಾಗುತ್ತದೆ ಅನ್ನುವ ಹುಚ್ಚು ಹಟ. ಕೊನೆಗೆ ಒಂದು ಸಾಲಿನ ಕಾಗದ ಬಂತು, "ಯಾವುದೇ ಬದಲಾವಣೆ ಇಲ್ಲ". ಅದರ ಹಿಂದೆಯೇ ಮರುಪರೀಕ್ಷೆ. ಪರೀಕ್ಷೆಯ ಹಾಲ್‌ನಲ್ಲಿ ಕೂತಾಗ ನನಗೆ ಬೆಂಜೀನ್ ಉಂಗುರದ ಮೂಲೆ ಎಷ್ಟು ಅನ್ನುವುದೂ ಮರೆತಿತ್ತು. ಮೊದಲಿಗಿಂತ ಮೂರು ಕಡಿಮೆ ಬಂತು.

ಹಾಗಾಗಿ ದಿನಾಂಕಗಳನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸು. ಮರುಮೌಲ್ಯಮಾಪನದ ಫಲಿತಾಂಶ ಬರುವಷ್ಟರಲ್ಲಿ ಮರುಪರೀಕ್ಷೆಗೆ ಹೆಸರು ಕೊಡುವ ಕೊನೆಯ ದಿನ ಮುಗಿದಿರುತ್ತದೆ, ಯಾವಾಗಲೂ ಹಾಗೇ ಆಗುವುದು. ಒಂದು ಬರಲಿ ಆಮೇಲೆ ಇನ್ನೊಂದು ನೋಡೋಣ ಅಂತ ಕೂರಬೇಡ. ಗಣಿತಕ್ಕೆ ಈಗಲೇ ಹೆಸರು ಕೊಡು. ಕಾಲೇಜಿಗೂ ಒಂದು ಫೋನ್ ಮಾಡಿ, ಅಂಕಪಟ್ಟಿ ತಡವಾಗಿ ಬಂದರೆ ಸೀಟು ಹಿಡಿದಿಡುತ್ತಾರಾ ಕೇಳು. ಅವರು ಹೂಂ ಅಂದರೆ ಈಮೇಲಿನಲ್ಲಿ ಬರೆಸಿಕೊ. ಬಾಯಿಮಾತಿಗೆ ಆಫೀಸಿನಲ್ಲಿ ಬೆಲೆ ಇಲ್ಲ.

ಇನ್ನೊಂದು ವಿಷಯ, ಹೇಳಲೋ ಬೇಡವೋ ಅಂತ ಯೋಚಿಸಿ ಬರೆಯುತ್ತಿದ್ದೇನೆ. ನಿನ್ನ ಮೆಸೇಜ್ ಒಂಬತ್ತು ಬಂದಿವೆ. ಒಂದರಲ್ಲೂ ಅವಳು ಏನು ಹೇಳಿದಳು ಅಂತ ಇಲ್ಲ. ನೀನು ಸ್ಕ್ಯಾನ್ ಪ್ರತಿ ತರಿಸಿದ್ದು ಅವಳಿಗೆ ಗೊತ್ತಾ? ತೋರಿಸಿದ್ದೀಯಾ? ಮತ್ತೆ ಮೂರು ಗಂಟೆ ಆ ಬೆಂಚಿನ ಮೇಲೆ ಕೂರಬೇಕಾದವಳು ಅವಳು. "ನಾನು ಇನ್ನೊಂದು ಸಲ ಬರೆಯಲ್ಲ" ಅಂದರೆ ಅದನ್ನೂ ಕೇಳಬೇಕು, ಬೇರೆ ಕೋರ್ಸು ನೋಡೋಣ, ಲೋಕದಲ್ಲಿ ಅದೊಂದೇ ಇಲ್ಲ. ಬರೆಯುತ್ತೇನೆ ಅಂದರೆ ಮೊದಲ ಪತ್ರಿಕೆಗೆ ನಾನೇ ಪಕ್ಕದಲ್ಲಿ ಗಡಿಯಾರ ಹಿಡಿದು ಕೂರುತ್ತೇನೆ.

ಮೂರೂ ಪತ್ರಿಕೆಗಳ ಮೇಲೆ ನಾನು ಹಾಕಿದ ಅಂಕ, ಟಿಪ್ಪಣಿ ಎಲ್ಲ ಸೇರಿಸಿ ಫೋಟೋ ಕಳಿಸಿದ್ದೇನೆ. ನೀನು ನೋಡುವ ಮೊದಲು ಅವಳಿಗೆ ಕೊಡು. ಗಣಿತದ 18ನೇ ಪುಟದ ಪಕ್ಕದಲ್ಲಿ ಅವಳಿಗೆ ಅಂತ ಒಂದು ಸಾಲು ಬರೆದಿದ್ದೇನೆ, ನೀನು ಓದಬೇಡ. ರಾತ್ರಿ ಊಟ ಆದ ಮೇಲೆ ಫೋನ್ ಮಾಡುತ್ತೇನೆ, ಎತ್ತಿ ನೇರ ಅವಳ ಕೈಗೆ ಕೊಟ್ಟುಬಿಡು.

ನಿನ್ನವ